ಬಸ್ಸಿನ ಡೀಸೆಲ್‌ಗೆ 21, ವಿಮಾನದ ಎಣ್ಣೆಗೆ 1: ಇದ್ಯಾವ ಲೆಕ್ಕ?

ಪಾರಿಶ್ವಾಡ: ಫ್ರಾನ್ಸಿನ ಸುದ್ದಿಗೂ ನಮ್ಮೂರ ಬಸ್ ಸ್ಟ್ಯಾಂಡಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ, ಅದೂ ಕಿಸೆಯದು!

ರೈಲಿನಲ್ಲಿ ಎರಡೂವರೆ ತಾಸಿನೊಳಗೆ ಮುಟ್ಟಬಹುದಾದ ಊರಿಗೆ ವಿಮಾನ ಬೇಡ ಎಂದು ಫ್ರಾನ್ಸ್ ಸರ್ಕಾರ 2023ರ ಮೇನಲ್ಲಿ ಕಾಯ್ದೆ ಜಾರಿ ಮಾಡಿತು. 2025ರ ಮಾರ್ಚಿನಲ್ಲಿ ವಿಮಾನದ ಟಿಕೆಟ್ಟಿನ ಮೇಲೆ ತೆರಿಗೆಯನ್ನೂ ಏರಿಸಿತು. ವಿಮಾನ ಹೆಚ್ಚು ಎಣ್ಣೆ ಕುಡಿಯುವುದು ನೆಲ ಬಿಟ್ಟು ಮೇಲೇರುವಾಗ. ಹೀಗಾಗಿ ಹತ್ತಿರದ ಹಾರಾಟ ಕಿಲೋಮೀಟರ್ ಲೆಕ್ಕದಲ್ಲಿ ದುಬಾರಿ. ಒಂದು ಕಿಲೋ ಎಣ್ಣೆ ಉರಿದರೆ ಮೂರು ಕಿಲೋಗೂ ಮಿಕ್ಕಿ ಇಂಗಾಲದ ಹೊಗೆ ಗಾಳಿಗೆ ಸೇರುತ್ತದೆ.

ನಮ್ಮಲ್ಲಿ ಆದದ್ದು ಉಲ್ಟಾ!

ಕೇಂದ್ರ ಸರ್ಕಾರ 2016ರಲ್ಲಿ ‘ಉಡಾನ್’ ಯೋಜನೆ ತಂದಿತು. ಸಣ್ಣ ಊರುಗಳಿಗೆ ವಿಮಾನ ಬರಲಿ, ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಸಾಕು ಎಂಬ ಲೆಕ್ಕ. ನಷ್ಟ ತುಂಬಲು ದೊಡ್ಡ ಮಾರ್ಗಗಳ ವಿಮಾನಗಳಿಗೆ ಸುಂಕ. ಈ ಯೋಜನೆಯ ವಿಮಾನಗಳು ಸಣ್ಣ ನಿಲ್ದಾಣದಲ್ಲಿ ತುಂಬಿಸಿಕೊಳ್ಳುವ ಎಣ್ಣೆಗೆ ರಾಜ್ಯಗಳು 10 ವರ್ಷ ಶೇ. 1ಕ್ಕಿಂತ ಹೆಚ್ಚು ತೆರಿಗೆ ಹಾಕಬಾರದೆಂಬ ಷರತ್ತೂ ಇತ್ತು. 2019ರಲ್ಲಿ ನಮ್ಮ ಸಾಂಬ್ರಾ ನಿಲ್ದಾಣವೂ ಯೋಜನೆಗೆ ಸೇರಿತು.

ಇನ್ನು ಬಸ್ಸಿನ ಕಥೆ ಕೇಳಿ. ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯ ಸರ್ಕಾರ 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಒಯ್ದಿತು. ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ. 15 ಏರಿತ್ತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸರಿ. ಖಾನಾಪುರ, ಬೆಳಗಾವಿಗೆ ದಿನಾ ಓಡಾಡುವ ಗಂಡಸರು, ಸಾಮಾನು ತರಿಸುವ ಅಂಗಡಿಕಾರರು ಕೊಡಲೇಬೇಕು. ಐವತ್ತು ಮಂದಿ ಕೂಡುವ ಬಸ್ಸಿಗೆ ಹೆಚ್ಚು, ಮೋಡದ ಮೇಲೆ ಹೋಗುವವರಿಗೆ ಕಡಿಮೆ. ಇದ್ಯಾವ ನ್ಯಾಯರೀ?

ಹಂಗಂತ ಸಾಂಬ್ರಾ ವಿಮಾನ ನಿಲ್ಲಿಸಿ ಅನ್ನೋದಲ್ಲ. ಬೆಂಗಳೂರು ನಮಗೆ ದೂರ. 2025ರ ಆಗಸ್ಟಿನಲ್ಲಿ ಶುರುವಾದ ವಂದೇ ಭಾರತ್ ರೈಲಿಗೂ ಸುಮಾರು ಎಂಟೂವರೆ ತಾಸು ಬೇಕು. ದವಾಖಾನೆಗೋ ಕೋರ್ಟಿಗೋ ಅವಸರದಲ್ಲಿ ಹೊರಟವರು ಏನು ಮಾಡಬೇಕು? ಫ್ರಾನ್ಸಿನಲ್ಲಿ ಮೊದಲು ರೈಲು ಓಡಿತು, ಆಮೇಲೆ ಕಾಯ್ದೆ ಬಂತು.

ನಮ್ಮ ರೈಲು ಇನ್ನೂ ಖಾನಾಪುರ, ಲೋಂಡಾ ಸುತ್ತು ಹಾಕಿಯೇ ಧಾರವಾಡ ಸೇರುತ್ತದೆ. ಕಿತ್ತೂರು ಮೇಲೆ ನೇರ ಹೋಗುವ 73 ಕಿಲೋಮೀಟರ್ ಹಳಿಗೆ 2020ರಲ್ಲೇ ಒಪ್ಪಿಗೆ ಸಿಕ್ಕಿದೆ. ವಿಮಾನದ ಎಣ್ಣೆಗೂ ಬಸ್ಸಿನಷ್ಟೇ ತೆರಿಗೆ ಹಾಕಿ, ಬಂದ ದುಡ್ಡನ್ನು ಆ ಹಳಿಗೆ, ಹಳ್ಳಿ ಬಸ್ಸಿಗೆ ಸುರಿಯಲಿ. ಹೊಗೆಯೂ ಇಳಿದೀತು, ಪಾರಿಶ್ವಾಡದವರ ಕಿಸೆಯೂ ಉಳಿದೀತು.

ಮುಂದಿನ ಸಲ ಮತ ಕೇಳಲು ಬರುವವರಿಗೆ ಈ 21 ಮತ್ತು 1ರ ಲೆಕ್ಕ ಕೇಳುವಿರಾ?