ಬಾಕಿ ವಸೂಲಿಯಲ್ಲಿ ಸೌಜನ್ಯದ ಬೆಲೆ

ವ್ಯಾಪಾರದಲ್ಲಿ ಸೌಜನ್ಯವೆಂದರೆ ಗಿರಾಕಿಯನ್ನು ನಗುಮುಖದಿಂದ ಬರಮಾಡಿಕೊಳ್ಳುವುದಷ್ಟೇ ಎಂಬ ಭಾವನೆಯಿದೆ. ಅದರ ನಿಜವಾದ ಪರೀಕ್ಷೆ ನಡೆಯುವುದು ಉದ್ರಿ ಕೊಟ್ಟ ಸರಕಿನ ಹಣ ಬಾರದಿದ್ದಾಗ.

1963ರ ಲಿಮಿಟೇಷನ್ ಕಾಯ್ದೆಯಂತೆ, ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು 3 ವರ್ಷಗಳ ಅವಧಿಯಿದೆ. ಉದ್ರಿಯ ಗಡುವು ಗೊತ್ತುಪಡಿಸಿದ್ದರೆ ಆ ಗಡುವು ಮುಗಿದಂದಿನಿಂದ, ಇಲ್ಲವಾದರೆ ಸರಕು ಒಪ್ಪಿಸಿದಂದಿನಿಂದ ಈ ಲೆಕ್ಕ ಆರಂಭ. ಅವಧಿ ಮುಗಿಯುವ ಮೊದಲೇ ಬಾಕಿದಾರರು ಬರಹದಲ್ಲಿ, ಸಹಿ ಸಮೇತ ಬಾಕಿಯನ್ನು ಒಪ್ಪಿಕೊಂಡಲ್ಲಿ, 18ನೇ ಕಲಂ ಪ್ರಕಾರ ಸಹಿಯಾದ ದಿನದಿಂದ ಹೊಸದಾಗಿ 3 ವರ್ಷ ದೊರೆಯುತ್ತದೆ. "ಬಾಕಿಯಿರುವುದು ನಿಜ, ಸದ್ಯ ಕೊಡಲಾಗದು" ಎಂಬ ಉತ್ತರವೂ ಸಾಕಾಗಬಹುದು!

ಇಂತಹ ಸಹಿ ಬೆದರಿಕೆಗೆ ದಕ್ಕುವುದು ಅಪರೂಪ. "ಕೂಡಲೇ ಪಾವತಿಸದಿದ್ದರೆ ಮಾನ ಹರಾಜಾದೀತು" ಎಂದು ಬರೆದವರಿಗೆ ಸಾಮಾನ್ಯವಾಗಿ ಸಿಗುವುದು ಮೌನ. ತಪ್ಪಿದರೆ, ಸರಕು ಕಳಪೆಯಿತ್ತೆಂಬ ವಕೀಲರ ನೋಟೀಸು. ಅದರ ಬದಲು, ಮಾರ್ಚ್ ಅಂತ್ಯದ ಲೆಕ್ಕಕ್ಕಾಗಿ, "ನಮ್ಮ ಪುಸ್ತಕದಂತೆ ತಮ್ಮಿಂದ ಇಷ್ಟು ಬರತಕ್ಕದ್ದಿದೆ. ದಯವಿಟ್ಟು ತಾಳೆ ನೋಡಿ ಸಹಿ ಮಾಡಿ ಕಳುಹಿಸಿ, ವ್ಯತ್ಯಾಸವಿದ್ದಲ್ಲಿ ತಿಳಿಸಿ" ಎಂದು ಬಿಲ್ಲುಗಳ ಪಟ್ಟಿಯೊಡನೆ ಬರೆದ ಪತ್ರವನ್ನು ಎದುರಿನ ಗುಮಾಸ್ತರೇ ಯಜಮಾನರ ಮುಂದಿಡುತ್ತಾರೆ. ಸಹಿ ಮಾತ್ರ ಮಾಲೀಕರದ್ದೋ, ಅವರಿಂದ ಅಧಿಕಾರ ಪಡೆದವರದ್ದೋ ಆಗಿರಬೇಕು, ದಿನಾಂಕ ಮರೆಯಬಾರದು.

ವಿನಯದಿಂದ ಬರೆದ ಮಾತ್ರಕ್ಕೆ ಹಕ್ಕು ಬಿಟ್ಟಂತಾಗದು. ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯು, ಒಪ್ಪಂದವೇನೇ ಇದ್ದರೂ 45 ದಿನ ಮೀರಿದ ಬಾಕಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹಕ್ಕು ನೀಡಿದೆ. ಆ ಬಡ್ಡಿಯನ್ನೂ ಅದೇ ಪತ್ರದಲ್ಲಿ, ಅದೇ ದನಿಯಲ್ಲಿ ನಮೂದಿಸಬಹುದು.