ಹಗುರ ಬೋರ್ಡು, ಒಡೆಯುವ ಗಾಜು

ತಪ್ಪು ಕಲ್ಪನೆ: ರಸ್ತೆ ಕಾಮಗಾರಿಯ ಬಳಿ ತಂದು ನಿಲ್ಲಿಸುವ ಬೋರ್ಡು ಹಗುರ. ಕಾರು ಗುದ್ದಿದರೂ ಹಾರಿಹೋಗುತ್ತದೆ, ಒಳಗಿರುವವರಿಗೆ ಏನೂ ಆಗದು.

ಸತ್ಯ: ಇದರಲ್ಲಿ ಅರ್ಧ ನಿಜವಿದೆ. 1100 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ 20 ಕಿಲೋ ಬೋರ್ಡಿಗೆ ಗುದ್ದಿದರೆ ಕಾರಿನ ವೇಗ ತಗ್ಗುವುದು ಸುಮಾರು 2 ಕಿ.ಮೀ. ಮಾತ್ರ. ಗುದ್ದಿದ ರಭಸಕ್ಕೆ ಯಾರೂ ಗಾಯಗೊಳ್ಳುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಬೋರ್ಡು ಹಾರಿ ಎಲ್ಲಿಗೆ ಬರುತ್ತದೆ? ಬಂಪರ್ ಕಂಬದ ಬುಡಕ್ಕೆ ಬಡಿದಾಗ ಬುಡ ಮುಂದಕ್ಕೆ ಚಿಮ್ಮುತ್ತದೆ, ತಲೆ ಕಾರಿನ ಕಡೆಗೇ ವಾಲುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಯೂಮಿನಿಯಂ ಹಲಗೆಯ ಅಂಚು ಮುಂದಿನ ಗಾಜನ್ನು ಸೀಳಬಹುದು. ಗಾಜಿನ ಆಚೆ ಇರುವುದು ಚಾಲಕನ ಮುಖ. ಅದಕ್ಕೇ ಅಮೆರಿಕದಲ್ಲಿ 2009ರಿಂದ ಬಳಕೆಯಲ್ಲಿರುವ ‘ಮ್ಯಾಶ್’ ಪರೀಕ್ಷಾ ಕೈಪಿಡಿ ಗಾಜಿನ ಮೇಲೆಯೇ ಕಣ್ಣಿಟ್ಟಿದೆ. ಗಾಜು ತೂತಾಗಕೂಡದು, 76 ಮಿ.ಮೀ.ಗಿಂತ ಹೆಚ್ಚು ಒಳಕ್ಕೆ ಕುಸಿಯಲೂ ಕೂಡದು.

ತಪ್ಪು ಕಲ್ಪನೆ: ಒಂದು ಕಾರಿನ ಪರೀಕ್ಷೆಯಲ್ಲಿ ಪಾಸಾದರೆ ಸಾಕು.

ಸತ್ಯ: ಸಾಲದು. ಬಾನೆಟ್ಟಿನ ಎತ್ತರ ಬದಲಾದರೆ ಪೆಟ್ಟು ಬೀಳುವ ಜಾಗವೂ ಬದಲಾಗುತ್ತದೆ. ಸಣ್ಣ ಕಾರಿನ ಚಾವಣಿ ಸವರಿ ಹೋದ ಹಲಗೆ ಪಿಕಪ್ ಗಾಡಿಯ ಗಾಜಿಗೆ ನೇರವಾಗಿ ಬರಬಹುದು. ಆದ್ದರಿಂದ 1100 ಕಿಲೋ ಕಾರು, 2270 ಕಿಲೋ ಪಿಕಪ್ ಎರಡನ್ನೂ ಗಂಟೆಗೆ 100 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರೆ. ನನ್ನ ಮಟ್ಟಿಗೆ ಇಲ್ಲಿನ ಅತ್ಯಂತ ವಿವೇಕದ ನಿಯಮ ಇನ್ನೊಂದು: ಬೋರ್ಡನ್ನು ಅಡ್ಡ ತಿರುಗಿಸಿಯೂ ಪರೀಕ್ಷಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಪಕ್ಕಕ್ಕೆ ತಿರುಗಿಸಿ ಅಲ್ಲೇ ಬಿಟ್ಟುಹೋಗುವುದು ಉಂಟಲ್ಲ, ಆಗಲೂ ಗಾಡಿ ಗುದ್ದಬಹುದು.

ತಪ್ಪು ಕಲ್ಪನೆ: ಸ್ಟ್ಯಾಂಡು ಪಾಸಾಗಿದ್ದರೆ ಅದಕ್ಕೆ ಯಾವ ಹಲಗೆ ಸಿಕ್ಕಿಸಿದರೂ ಸರಿ.

ಸತ್ಯ: ಪಾಸಾಗುವುದು ಇಡೀ ಜೋಡಣೆ. ಫೈಬರ್‌ಗ್ಲಾಸ್ ಕಡ್ಡಿಗಳ ಮೇಲೆ ಬಿಗಿದ, ಸುರುಳಿ ಸುತ್ತಬಹುದಾದ ಬಟ್ಟೆಯ ಫಲಕಕ್ಕೆಂದು ಪಾಸಾದ ಸ್ಟ್ಯಾಂಡಿಗೆ ಗಟ್ಟಿ ಲೋಹದ ಹಲಗೆ ಹಾಕಿದರೆ, ಅಥವಾ ಫಲಕದ ಎತ್ತರವನ್ನು ಬದಲಿಸಿದರೆ, ಹಳೆಯ ಫಲಿತಾಂಶವನ್ನು ನೆಚ್ಚುವಂತಿಲ್ಲ.

ತಪ್ಪು ಕಲ್ಪನೆ: ಗಾಳಿಗೆ ಬೀಳದಂತೆ ದಪ್ಪ ಕಲ್ಲು ಹೇರಿದರೆ ಭದ್ರ.

ಸತ್ಯ: ನಮ್ಮ ರಸ್ತೆಗಳಲ್ಲೂ ದಿನನಿತ್ಯ ಕಾಣುವ ಈ ರೂಢಿ ನಿಲ್ಲಲೇಬೇಕು. ಗಾಡಿ ಗುದ್ದಿದರೆ ಆ ಕಲ್ಲು ಪಕ್ಕದಲ್ಲಿ ಕೆಲಸ ಮಾಡುತ್ತಿರುವವರ ಮೇಲೆ ಉರುಳಬಹುದು. ಮರಳಿನ ಮೂಟೆಯಾದರೆ ಹರಿದು ಚೆಲ್ಲಿಹೋಗುತ್ತದೆ. ಆ ಮೂಟೆಯನ್ನೂ ಕಂಬಕ್ಕೆ ನೇತುಹಾಕಬಾರದು. ಸ್ಟ್ಯಾಂಡಿನ ಕಾಲುಗಳ ಮೇಲೆ, ನೆಲಮಟ್ಟದಲ್ಲೇ ಇಡಬೇಕು.