ಕಬ್ಬಿಣದ ಎರಡು ಲೆಕ್ಕ

ರಸಾಯನಶಾಸ್ತ್ರದ ಸೂತ್ರಗಳನ್ನು ಮಕ್ಕಳು ಉರುಹೊಡೆಯುವುದನ್ನು ಅನೇಕ ಮನೆಗಳಲ್ಲಿ ಕೇಳುತ್ತೇವೆ. ವಾಸ್ತವವಾಗಿ ಅವು ಬಾಯಿಪಾಠದ ವಿಷಯವಲ್ಲ. ಮನೆಯ ಜಮಾಖರ್ಚನ್ನು ಬಲ್ಲವರು ಯಾರಾದರೂ ಅವುಗಳನ್ನು ತಾವೇ ಕಟ್ಟಬಹುದು.

ಪ್ರತಿಯೊಂದು ಮೂಲವಸ್ತುವಿನ ಪರಮಾಣುವಿಗೂ ಇತರ ಪರಮಾಣುಗಳೊಡನೆ ಕೂಡುವುದಕ್ಕೆ ಒಂದು ಮಿತಿಯುಂಟೆಂದು ಎಡ್ವರ್ಡ್ ಫ್ರಾಂಕ್ಲೆಂಡ್ ಎಂಬ ಆಂಗ್ಲ ರಸಾಯನಜ್ಞನು 1852ರಲ್ಲಿ ಪ್ರತಿಪಾದಿಸಿದನು. ಇದಕ್ಕೆ ವೇಲೆನ್ಸಿ ಎಂದು ಹೆಸರು. ಇದರ ಕಾರಣವು ಎಲೆಕ್ಟ್ರಾನುಗಳು ಪತ್ತೆಯಾದ ಮೇಲೆ ತಿಳಿಯಿತು. ಲವಣಗಳಲ್ಲಿ ಲೋಹವು ಎಲೆಕ್ಟ್ರಾನುಗಳನ್ನು ಕೊಡುವುದು. ಜೊತೆಯ ವಸ್ತುವು ಕೊಳ್ಳುವುದು. ಕೊಟ್ಟ ಅಥವಾ ಕೊಂಡ ಸಂಖ್ಯೆಯೇ ವೇಲೆನ್ಸಿ. ಕೊಟ್ಟದ್ದೂ ಕೊಂಡದ್ದೂ ಸರಿಹೋಗಬೇಕೆಂಬುದೊಂದೇ ನಿಯಮ.

ಅಡಿಗೆಯ ಉಪ್ಪಿನಲ್ಲಿ ಸೋಡಿಯಂ 1ನ್ನು ಕೊಡುವುದು, ಕ್ಲೋರಿನ್ 1ನ್ನು ಕೊಳ್ಳುವುದು; ಆದಕಾರಣ ಒಂದಕ್ಕೆ ಒಂದು. ಅಲ್ಯೂಮಿನಿಯಂ 3ನ್ನು ಕೊಡುವುದು. ಆಮ್ಲಜನಕವು 2ನ್ನು ಮಾತ್ರ ಕೊಳ್ಳುವುದು. ಈ ಲೆಕ್ಕವು 6ರಲ್ಲಿ ಸರಿತೂಗುವುದು: ಎರಡು ಅಲ್ಯೂಮಿನಿಯಂ, ಮೂರು ಆಮ್ಲಜನಕ. ಒಂದರ ವೇಲೆನ್ಸಿಯನ್ನು ಮತ್ತೊಂದರ ಸಂಖ್ಯೆಯಾಗಿ ಬರೆದರೆ ಸೂತ್ರವು ಸಿದ್ಧವಾಯಿತು. ಸುಟ್ಟ ಸುಣ್ಣದ ಕ್ಯಾಲ್ಸಿಯಂ ಮತ್ತು ಆಮ್ಲಜನಕಗಳಂತೆ ಎರಡೂ 2 ಆಗಿದ್ದರೆ, ಸಂಕ್ಷೇಪಿಸಿ ಒಂದಕ್ಕೆ ಒಂದೆಂದು ಬರೆಯತಕ್ಕದ್ದು.

ಕಬ್ಬಿಣದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅದು ಒಮ್ಮೆ 2ನ್ನೂ ಒಮ್ಮೆ 3ನ್ನೂ ಕೊಡುವುದು. ಮೊದಲನೆಯದು ಫೆರಸ್, ಎರಡನೆಯದು ಫೆರಿಕ್. ಗಂಧಕ ಒಂದು, ಆಮ್ಲಜನಕ ನಾಲ್ಕು ಸೇರಿದ ಸಲ್ಫೇಟು ಎಂಬ ಗುಂಪಿನ ವೇಲೆನ್ಸಿ 2. ಆದುದರಿಂದ ಫೆರಸ್ ಸಲ್ಫೇಟಿನಲ್ಲಿ ಒಂದು ಕಬ್ಬಿಣಕ್ಕೆ ಒಂದು ಸಲ್ಫೇಟು. ಫೆರಿಕ್ ಸಲ್ಫೇಟಿನಲ್ಲಿ ಎರಡು ಕಬ್ಬಿಣಕ್ಕೆ ಮೂರು ಸಲ್ಫೇಟು.

ಈ ಭೇದವು ಕಾಗದದ ಮೇಲಿನದಷ್ಟೇ ಅಲ್ಲ. ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣವು ಫೆರಸ್ ರೂಪದಲ್ಲಿದ್ದರೆ ಮಾತ್ರ ಆಮ್ಲಜನಕವನ್ನು ಹೊರಬಲ್ಲುದು. ಫೆರಿಕ್ ಆದರೆ ಹೊರಲಾರದು. ಕರುಳು ಸಹ ಫೆರಸ್ ಕಬ್ಬಿಣವನ್ನು ಹೆಚ್ಚು ಸುಲಭವಾಗಿ ಹೀರುವುದು. ರಕ್ತಹೀನತೆಗೆ ವೈದ್ಯರು ಕೊಡುವ ಮಾತ್ರೆಗಳಲ್ಲಿ ಫೆರಸ್ ಸಲ್ಫೇಟು ಸಾಮಾನ್ಯವಾಗಿರುವುದು ಇದರಿಂದಲೇ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವಾದರೋ ಬಹುಮಟ್ಟಿಗೆ ಫೆರಿಕ್. ಅದಕ್ಕೆ ನಿಂಬೆಯ ರಸವನ್ನು ಹಿಂಡಿದರೆ, ಅದರಲ್ಲಿನ ಸಿ ಜೀವಸತ್ವವು ಒಂದು ಎಲೆಕ್ಟ್ರಾನನ್ನು ಹಿಂದಿರುಗಿಸಿ 3ನ್ನು 2 ಆಗಿಸುವುದು. ಊಟದೊಡನೆ ಕುಡಿದ ಚಹವು ಈ ಹೀರಿಕೆಗೆ ಅಡ್ಡಿಯಾಗುವುದು.

ಅಂಗಡಿಯಲ್ಲಿ ದೊರೆಯುವ ಅನ್ನಭೇದಿಯೂ ಫೆರಸ್ ಸಲ್ಫೇಟೇ. ಆದರೆ ಸೂತ್ರವೊಂದೇ ಎಂದು ಅದನ್ನು ಔಷಧವಾಗಿ ಸೇವಿಸಬಾರದು; ಸೂತ್ರವು ಪ್ರಮಾಣವನ್ನೂ ಶುದ್ಧಿಯನ್ನೂ ಹೇಳುವುದಿಲ್ಲ. ಕಬ್ಬಿಣದ ಮಾತ್ರೆಗಳನ್ನು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು. ಹೆಚ್ಚಾಗಿ ನುಂಗಿದರೆ ಅವು ಪ್ರಾಣಾಪಾಯಕರ.